ಕರಾವಳಿಯ ಸೆಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗೆ ಯಾವ ತಂತಿ ಹಾಕಬೇಕು?

ಮಂಗಳೂರಿನಲ್ಲಿದ್ದೀರಿ, ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಗಿಟಾರ್ ತಗೊಂಡು ಒಂದು ವರ್ಷ ಆಯಿತು, ಹಾಕಿದ ತಂತಿ ಮೂರೇ ವಾರಕ್ಕೆ ತುಕ್ಕು ಹಿಡಿಯುತ್ತಿದೆ, ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡಿದರೆ ಬೆರಳು ಉರಿಯುತ್ತದೆ ಅಂತ ಬರೆದಿದ್ದೀರಿ. ಅಂಗಡಿಯವರು "9 ಬಿಟ್ಟು 10ರ ಸೆಟ್ ಹಾಕಿ, ಟೋನ್ ದಪ್ಪ ಬರುತ್ತೆ" ಅಂದರಂತೆ. ಹಾಕಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಬೇಡ. ಸದ್ಯಕ್ಕೆ 9ರಲ್ಲೇ ಇರಿ. ಆದರೆ ಮುಂದಿನ ಸಲ ಕೋಟಿಂಗ್ ಇರುವ ಸೆಟ್ ತಗೊಳ್ಳಿ. ನಾನು ಉಡುಪಿಯವನು. ಹದಿನಾಲ್ಕು ವರ್ಷದಿಂದ ರಸಮಂಜರಿ, ಮದುವೆ ಮನೆಯ ರೋಸ್ ಸಮಾರಂಭ ಅಂತ ನುಡಿಸುತ್ತಾ ಬಂದಿದ್ದೇನೆ. ನಮ್ಮ ಕಡೆಯವರು ತಂತಿ ಆರಿಸುವಾಗ ಮೊದಲು ಗೇಜ್, ಅಂದರೆ ತಂತಿಯ ದಪ್ಪ ನೋಡಬೇಕು, ಆಮೇಲೆ ಬಾಳಿಕೆ, ಟೋನ್ ಕೊನೆಗೆ. ಎಷ್ಟು ಒಳ್ಳೆಯ ಟೋನಿನ ತಂತಿಯಾದರೂ ತುಕ್ಕು ಹಿಡಿದ ಮೇಲೆ ಆ ಟೋನ್ ಎಲ್ಲಿ ಉಳಿಯುತ್ತದೆ, ಅಲ್ವಾ?

ಮೊದಲು ಗೇಜ್. 9ರ ಸೆಟ್ ಅಂದರೆ ಅದರ ಅತಿ ಸಣ್ಣ ತಂತಿಯ ದಪ್ಪ 0.009 ಇಂಚು. 10 ಅಂದರೆ 0.010 ಇಂಚು. ಕೇಳಲು ಏನೂ ವ್ಯತ್ಯಾಸ ಇಲ್ಲ ಅನಿಸುತ್ತದೆ. ಆದರೆ ತಂತಿಯ ತೂಕ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅದೇ ಶ್ರುತಿಗೆ ಆ ಒಂದು ತಂತಿಯನ್ನು ತರಲು ಶೇ. 23ರಷ್ಟು ಜಾಸ್ತಿ ಬಿಗಿ ಬೇಕು. ಸ್ಟ್ರಾಟ್‌ನ 25.5 ಇಂಚಿನ ಸ್ಕೇಲ್‌ನಲ್ಲಿ (ನುಡಿಯುವ ತಂತಿಯ ಉದ್ದ) 9–42ರ, ಅಂದರೆ ಅತಿ ಸಣ್ಣದು 9, ಅತಿ ದಪ್ಪದ್ದು 42 ಇರುವ ಸೆಟ್‌ನ, ಆರೂ ತಂತಿ ಸೇರಿ ಸುಮಾರು 38 ಕಿಲೋ ಎಳೆಯುತ್ತವೆ. 10–46 ಆದರೆ ಸುಮಾರು 46 ಕಿಲೋ, ಹೆಚ್ಚುಕಮ್ಮಿ ಒಂದು ಮೂಟೆ ಅಕ್ಕಿಯ ಭಾರ. ಗಿಬ್ಸನ್ ಮಾದರಿಯ ಗಿಟಾರ್‌ಗಳ ಸ್ಕೇಲ್ 24.75 ಇಂಚು. ಅದರ ಮೇಲೆ ಇದೇ 10 ಸ್ವಲ್ಪ ಮೆತ್ತಗಾಗುತ್ತದೆ. ನಿಮಗೆ ಹೇಳಿದವರು ಗಿಬ್ಸನ್‌ನ ಲೆಸ್ ಪಾಲ್ ನುಡಿಸುವವರಾಗಿದ್ದರೆ ಅವರ ಕೈಗೆ ಅದು ಸರಿಯೇ.

ದಪ್ಪ ತಂತಿಗೆ ದಪ್ಪ ಟೋನ್ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಬಿಗಿಯಾದ ತಂತಿಯ ಮೇಲೆ ಜೋರಾಗಿ ಪಿಕ್ ಹೊಡೆದರೂ ಸ್ವರ ಅಲುಗದೆ ನಿಲ್ಲುತ್ತದೆ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಅವರು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅಷ್ಟು ಇಳಿಸಿದರೇ ಬಿಗಿ ಶೇ. 11ರಷ್ಟು ಕಡಿಮೆ. ಇನ್ನೊಂದು ಕಡೆ ಜೀಜೀ ಟಾಪ್ ಅನ್ನುವ ರಾಕ್ ಬ್ಯಾಂಡ್‌ನ ಬಿಲ್ಲಿ ಗಿಬ್ಬನ್ಸ್ ಇದ್ದಾರೆ. ಅವರದು 7ರ ತಂತಿ, ಟೋನ್ ಮಾತ್ರ ಬೆಟ್ಟದಷ್ಟು ದಪ್ಪ. ಇನ್ನೊಂದು ವಿಷಯ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಎರ್ನಿ ಬಾಲ್, ಹೊಸದಾಗಿ ಕಲಿಯುವ ಹುಡುಗರು ದಪ್ಪ ಮೂರನೇ ತಂತಿ ಒತ್ತಲಾಗದೆ ಒದ್ದಾಡುವುದನ್ನು ನೋಡಿಯೇ ಹಗುರ ಸೆಟ್ ಮಾಡಿಸಿ ಮಾರಲು ಶುರುಮಾಡಿದ್ದು. ಅವರ ಕಂಪನಿಯ ಇವತ್ತಿನ ಸ್ಲಿಂಕಿ ಸೆಟ್‌ಗಳು ಹುಟ್ಟಿದ್ದು ಹಾಗೆ. ಹಗುರ ತಂತಿ ಹಾಕುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬೆರಳು ಉರಿಗೆ ತಂತಿಯೇ ಕಾರಣ ಅಂತಲೂ ಈಗಲೇ ತೀರ್ಮಾನ ಮಾಡಬೇಡಿ. ಒಂದು ಪರೀಕ್ಷೆ ಮಾಡಿ. ಮೂರನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ತಂತಿ ಒತ್ತಿ ಹಿಡಿದು, ಮೊದಲನೇ ಫ್ರೆಟ್‌ಗೂ ತಂತಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ಹಾಳೆ ತೂರುವಷ್ಟು ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನಟ್‌ನ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ ಕಚ್ಚು ಎತ್ತರ ಇದೆ ಅಂತ ಅರ್ಥ. ಹೊಸ ಗಿಟಾರ್‌ಗಳಲ್ಲಿ ಇದು ತುಂಬಾ ಕಾಣುತ್ತದೆ. ಸೆಟಪ್ ಮಾಡುವವರ ಹತ್ತಿರ ಅದನ್ನು ತಗ್ಗಿಸಿ ಕೊಡಿ ಅನ್ನಿ. ಎಷ್ಟೋ ಜನ ಈ ಸಣ್ಣ ಕೆಲಸ ಮಾಡಿಸದೆ ನೋವು ತಿಂದುಕೊಂಡೇ ಕಲಿಯುತ್ತಾರೆ. ನನಗೆ ಅದು ನಿಜವಾಗಿ ಬೇಸರದ ಸಂಗತಿ.

ಈಗ ತುಕ್ಕು. ಇದು ನಮ್ಮ ಊರಿನ ಕಷ್ಟ.

ಈ ಸಲ ತಂತಿ ಬಿಚ್ಚಿದಾಗ ಎಸೆಯಬೇಡಿ. ನಾಲ್ಕನೇ ತಂತಿಯನ್ನು ಕಿಟಕಿ ಬೆಳಕಿಗೆ ಹಿಡಿದು, ಫ್ರೆಟ್ ಕಡೆಗಿದ್ದ ಮಗ್ಗುಲು ನೋಡಿ. ಮೇಲೆ ಇನ್ನೂ ಹೊಳಪಿದ್ದರೂ ಅಡಿಯಲ್ಲಿ ಕಪ್ಪಾಗಿರುತ್ತದೆ. ತಂತಿಗೆ ಸುತ್ತಿದ ಲೋಹದ ಎಳೆಯ ಸಂದುಗಳಲ್ಲಿ ಬೆವರು, ಚರ್ಮದ ಪುಡಿ, ಎಣ್ಣೆ ಎಲ್ಲ ಸೇರಿ ಜಿಡ್ಡು ಕಟ್ಟಿರುತ್ತದೆ. ಆ ಮಗ್ಗುಲಿಗೆ ಉಗುರು ಆಡಿಸಿ. ಫ್ರೆಟ್ ತಾಗುತ್ತಿದ್ದ ಜಾಗದಲ್ಲೆಲ್ಲ ಉಗುರು ಟಕ್, ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಒತ್ತಿ ಒತ್ತಿ ಅಲ್ಲಿ ಸುತ್ತು ಚಪ್ಪಟೆಯಾಗಿದೆ. ಹೀಗೆ ಒಂದು ಕಡೆ ಜಿಡ್ಡಿನ ಭಾರ, ಇನ್ನೊಂದು ಕಡೆ ಸವೆತ ಆದಾಗ ತಂತಿ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಬಿಟ್ಟ ತಂತಿಗೆ ಶ್ರುತಿ ಸರಿಯಿದ್ದರೂ ಹನ್ನೆರಡನೇ ಫ್ರೆಟ್‌ನಲ್ಲಿ ಅಪಸ್ವರ ಬರುವುದು ಇದೇ ಕಾರಣಕ್ಕೆ. ಗಿಟಾರ್ ಕೆಟ್ಟಿತೇನೋ ಅಂತ ಗಾಬರಿ ಬೀಳುವ ಮೊದಲು ತಂತಿ ಬದಲಿಸಿ ನೋಡಬೇಕು.

ಕೋಟಿಂಗ್ ಇರುವ ತಂತಿ ಇದಕ್ಕೇ ಇರುವುದು. ಎಲಿಕ್ಸರ್ ತಂತಿ ಮಾಡುವುದು ಗೋರ್ ಕಂಪನಿ. ಗೋರ್‌ಟೆಕ್ಸ್ ಅನ್ನುವ ಮಳೆ ಕೋಟಿನ ಬಟ್ಟೆ ಮಾಡುವವರೂ ಅವರೇ. ತಂತಿಯ ಸುತ್ತಿನ ಮೇಲೆ ತೆಳುವಾದ ಪದರ ಹೊದಿಸಿ ಸಂದಿಗೆ ಕೊಳೆ ಇಳಿಯದಂತೆ ಮಾಡುತ್ತಾರೆ. ಸುತ್ತು ಇಲ್ಲದ ಸಣ್ಣ ತಂತಿಗಳಿಗೆ ತುಕ್ಕು ತಡೆಯುವ ಲೇಪ ಇರುತ್ತದೆ. ನನ್ನ ಕೈಯಲ್ಲಿ ಸಾಮಾನ್ಯ ಸೆಟ್ ಮಳೆಗಾಲದಲ್ಲಿ ಮೂರು ನಾಲ್ಕು ವಾರ ಬಂದರೆ, ಕೋಟಿಂಗ್ ಇರುವುದು ಮೂರು ತಿಂಗಳು ಬರುತ್ತದೆ. ಬೆಲೆ ಹೆಚ್ಚುಕಮ್ಮಿ ಎರಡು ಪಟ್ಟು. ಲೆಕ್ಕ ಹಾಕಿ, ದುಡ್ಡು ಉಳಿಯುತ್ತದೆ. ಬೆರಳಿಗೆ ಸ್ವಲ್ಪ ಜಾರಿದ ಹಾಗೆ ಅನಿಸಬಹುದು. ಹಾಗೆ ಬೇಡ ಅನಿಸಿದರೆ ಎಲಿಕ್ಸರ್‌ನಲ್ಲೇ ಆಪ್ಟಿವೆಬ್ ಇದೆ, ಡಡಾರಿಯೋ ಕಂಪನಿಯ ಎಕ್ಸ್‌ಎಸ್ ಇದೆ. ಎರಡರಲ್ಲೂ 9–42 ಸಿಗುತ್ತದೆ. ತುಂಬಾ ದಿನ ಆದ ಮೇಲೆ ಪಿಕ್ ತಾಗುವ ಜಾಗದಲ್ಲಿ ಕೋಟಿಂಗ್ ಎಳೆ ಎಳೆಯಾಗಿ ಬಿಟ್ಟರೆ ಹೆದರಬೇಡಿ, ತಂತಿ ಬದಲಿಸುವ ಹೊತ್ತಾಯಿತು ಅಷ್ಟೇ.

ಜೊತೆಗೆ ಎರಡು ಅಭ್ಯಾಸ. ನುಡಿಸುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ, ಗೋಳಿಬಜೆ ತಿಂದ ಕೈಯಲ್ಲಂತೂ ಮುಟ್ಟಲೇಬೇಡಿ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡನ್ನು ತಂತಿಯ ಕೆಳಗೆ ತೂರಿಸಿ, ಅಡಿಭಾಗ ಸೇರಿಸಿ ಒರೆಸಿ. ಮೇಲಷ್ಟೇ ಸವರಿದರೆ ಪ್ರಯೋಜನ ಇಲ್ಲ.

ಟೋನ್ ವಿಷಯ ಹೇಳಬೇಕೆಂದರೆ, ಬಹುತೇಕ ಸೆಟ್‌ಗಳಲ್ಲಿ ದಪ್ಪ ಮೂರು ತಂತಿಗಳ ಸುತ್ತು ನಿಕ್ಕಲ್ ಲೇಪಿಸಿದ ಉಕ್ಕಿನದು. ಅದು ನಡುಹದ. ಶುದ್ಧ ನಿಕ್ಕಲ್‌ನದು ಸ್ವಲ್ಪ ಮೃದು, ಹಳೇ ರೆಕಾರ್ಡಿನ ನಾದ. ಸ್ಟೇನ್‌ಲೆಸ್ ಸ್ಟೀಲ್ ಖಣಿ ಖಣಿ ಅನ್ನುತ್ತದೆ, ತುಕ್ಕಿಗೂ ಬೇಗ ಬಗ್ಗುವುದಿಲ್ಲ, ಆದರೆ ಗಟ್ಟಿ ಲೋಹ, ಫ್ರೆಟ್ ಬೇಗ ಸವೆಸುತ್ತದೆ. ಈ ವ್ಯತ್ಯಾಸ ಎಲ್ಲ ಸುತ್ತಿರುವ ತಂತಿಗಳಲ್ಲಿ ಮಾತ್ರ. ಸಣ್ಣ ಮೂರು ತಂತಿಗಳು ಯಾವ ಪ್ಯಾಕ್‌ನಲ್ಲಾದರೂ ಸಾಮಾನ್ಯವಾಗಿ ಬರೀ ಉಕ್ಕು. ನೀವು ಸೋಲೋ ನುಡಿಸುವುದು ಹೆಚ್ಚಾಗಿ ಆ ಮೂರರ ಮೇಲೇ. ಅದಕ್ಕೇ ಟೋನಿಗಾಗಿ ಲೋಹದ ಹಿಂದೆ ಬಿದ್ದು ದುಡ್ಡು ಸುರಿಯಬೇಡಿ ಅನ್ನುವುದು.

ಒಂದು ತಪ್ಪು ಮಾತ್ರ ಆಗದಂತೆ ನೋಡಿಕೊಳ್ಳಿ. ಒಮ್ಮೆ ಕಾರ್ಯಕ್ರಮಕ್ಕೆ ಎರಡು ಗಂಟೆ ಇದೆ ಅನ್ನುವಾಗ ನನ್ನ ತಂತಿ ತುಂಡಾಯಿತು. ಹತ್ತಿರದ ಒಂದು ಅಂಗಡಿಯಲ್ಲಿ "ಎಲ್ಲಾ ಗಿಟಾರಿಗೂ ಆಗುತ್ತೆ" ಅಂತ ಹೇಳಿ ಅಕೂಸ್ಟಿಕ್‌ನ ಕಂಚಿನ ಸೆಟ್ ಕೊಟ್ಟರು. ವೇದಿಕೆಯಲ್ಲಿ ಸಣ್ಣ ತಂತಿಗಳು ಕಿವಿ ಕೊರೆಯುತ್ತಿದ್ದವು, ದಪ್ಪ ತಂತಿಗಳು ಎಲ್ಲೋ ದೂರದಿಂದ ಕೇಳುತ್ತಿದ್ದವು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ ಅಯಸ್ಕಾಂತದಿಂದ ಕೆಲಸ ಮಾಡುತ್ತದೆ. ಕಂಚು ಅದಕ್ಕೆ ಕಾಣಿಸುವುದೇ ಇಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕಾಣಿಸುತ್ತದೆ. ಪ್ಯಾಕ್ ಮೇಲೆ ಬ್ರಾಂಜ್ ಅಂತ ಇದ್ದರೆ ವಾಪಸ್ ಕೊಡಿ. ಅಂಗಡಿಯಲ್ಲಿ ಗಾಳಿಯಾಡದಂತೆ ಮುಚ್ಚಿದ ಕವರ್ ಇರುವ ಸೆಟ್‌ಗಳನ್ನೇ ಕೇಳಿ, ನಮ್ಮ ಹವೆಗೆ ಬಳಸುವ ಮುಂಚೆಯೇ ಕಿಲುಬು ಹಿಡಿದ ತಂತಿ ಸಿಗುವುದುಂಟು.

ನಿಮ್ಮದು ಸ್ಟ್ರಾಟ್ ಆದ್ದರಿಂದ ಬದಲಿಸುವಾಗ ಆರನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಹಾಕಿ. ಬ್ರಿಡ್ಜ್ ಹಿಂದಿನ ಸ್ಪ್ರಿಂಗ್‌ಗಳು ತಂತಿಯ ಎಳೆತಕ್ಕೆ ಎದುರಾಗಿ ಎಳೆದು ಹಿಡಿದಿರುತ್ತವೆ. ಗೇಜ್ ದಪ್ಪವಾದರೆ ಬ್ರಿಡ್ಜ್ ಮೇಲೇಳುತ್ತದೆ, ಎಲ್ಲಾ ಮತ್ತೆ ಹೊಂದಿಸಬೇಕಾಗುತ್ತದೆ. 10ಕ್ಕೆ ಸುಮ್ನೆ ಹೋಗಬೇಡಿ ಅನ್ನಲು ಇದೂ ಒಂದು ಕಾರಣ. ಹೊಸ ತಂತಿ ಹಾಕಿದ ಮೇಲೆ ಮೆಲ್ಲಗೆ ಎಳೆದು ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಇಳಿಯುವುದು ನಿಲ್ಲುವವರೆಗೆ ಮಾಡಿ.

ನಿಮ್ಮ ತಂತಿ ತುಂಡಾಗುವುದೂ ಇದ್ದರೆ ಜಾಗ ಗಮನಿಸಿ. ಪ್ರತಿ ಸಲ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಮೇಲೇ ತುಂಡಾದರೆ ತಂತಿಯನ್ನು ಬೈಯಬೇಡಿ, ಅಲ್ಲಿ ಒಂದು ಸಣ್ಣ ಮುಳ್ಳು ಎದ್ದಿರುತ್ತದೆ. 1000 ನಂಬರಿನ ಉಪ್ಪು ಕಾಗದವನ್ನು ಸಣ್ಣಗೆ ಮಡಚಿ ಆ ಜಾಗವನ್ನು ನಾಲ್ಕು ಸಲ ತಿಕ್ಕಿ, ಬೆರಳಿಗೆ ನುಣ್ಣಗೆ ಸಿಕ್ಕಿದ ಮೇಲೆ ಹೊಸ ತಂತಿ ಹಾಕಿ.