‘ನನ್ನಿಂದಾಗದು’ ಎಂದು ನಾವೇ ಹಾಕಿಕೊಂಡ ಮಿತಿಯನ್ನು ದಾಟುವುದು ಹೇಗೆ?

ಕೇವಲ ಯೋಚಿಸಿ ಆ ಮಿತಿಯನ್ನು ದಾಟುವುದು ಕಷ್ಟ. ಆಗದು ಎಂದುಕೊಂಡ ಕೆಲಸದ ಒಂದು ಸಣ್ಣ ಭಾಗವನ್ನು ನಿಜವಾಗಿ ಮಾಡಿ ನೋಡಿದಾಗ ಅದು ಸಡಿಲಗೊಳ್ಳತೊಡಗುತ್ತದೆ.

‘ನನಗೆ ಗಣಿತ ಬಾರದು’, ‘ನಾಲ್ಕು ಜನರ ಮುಂದೆ ನಾನು ಮಾತನಾಡಲಾರೆ’ ಎಂಬಂಥ ನಂಬಿಕೆ ಒಂದೆರಡು ಕಹಿ ಅನುಭವಗಳಿಂದ ಹುಟ್ಟಿರಬಹುದು, ಆದರೆ ಅದು ವರ್ಷಗಟ್ಟಲೆ ಉಳಿಯುವುದು ನಾವು ಅಂಥ ಸಂದರ್ಭಗಳನ್ನೇ ತಪ್ಪಿಸಿಕೊಳ್ಳುತ್ತಾ ಹೋಗುವುದರಿಂದ. ತಪ್ಪಿಸಿಕೊಂಡಾಗಲೆಲ್ಲ ಮನಸ್ಸಿಗೆ ನಿರಾಳವೆನಿಸುತ್ತದೆ. ಆ ನಿರಾಳವೇ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಗಟ್ಟಿಗೊಳಿಸುತ್ತದೆ, ಮತ್ತು ನಂಬಿಕೆಯನ್ನು ಸುಳ್ಳೆಂದು ತೋರಿಸಬಲ್ಲ ಪುರಾವೆ ಹುಟ್ಟಲು ಅವಕಾಶವೇ ಇಲ್ಲದಂತಾಗುತ್ತದೆ.

ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಇತರರನ್ನು ನೋಡಿ ಕಲಿಯುವುದು, ಹುರಿದುಂಬಿಸುವ ಮಾತು, ಎದೆಬಡಿತದಂಥ ದೈಹಿಕ ಉದ್ವೇಗ ಇವೆಲ್ಲ ಪ್ರಭಾವ ಬೀರುತ್ತವೆಯಾದರೂ, ಸ್ವತಃ ಮಾಡಿ ಯಶಸ್ವಿಯಾದ ಅನುಭವವೇ ಅತ್ಯಂತ ಪ್ರಬಲ ಎಂಬುದು ಅವರ ನಿಲುವು. ಹಾವೆಂದರೆ ವಿಪರೀತ ಹೆದರುತ್ತಿದ್ದವರನ್ನು ಅವರ ತಂಡ ನೋಡುವುದು, ಹತ್ತಿರ ಹೋಗುವುದು, ಕೈಗವಸು ತೊಟ್ಟು ಮುಟ್ಟುವುದು ಹೀಗೆ ಹಂತಹಂತವಾಗಿ ಕರೆದೊಯ್ದಾಗ, ಬಹುಪಾಲು ಜನ ಕೊನೆಗೆ ಹಾವನ್ನು ಕೈಯಲ್ಲಿ ಹಿಡಿಯಬಲ್ಲವರಾದರು. ಬರೀ ಪ್ರೋತ್ಸಾಹದ ಭಾಷಣಗಳ ಪರಿಣಾಮ ಬೇಗನೆ ಇಳಿದುಹೋಗುವುದೇಕೆಂಬುದು ಇದರಿಂದ ಅರ್ಥವಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ತುಸು ಅಳುಕು ಹುಟ್ಟಿಸುವಷ್ಟು ಕಠಿಣವಾಗಿರಲಿ, ಸೋಲು ಬಹುತೇಕ ಖಚಿತವೆನ್ನುವಷ್ಟಲ್ಲ. ಹಾಗೆಂದು ಎಲ್ಲ ಮಿತಿಯೂ ಕಲ್ಪಿತವಲ್ಲ; ಹಣ, ಆರೋಗ್ಯ, ಸಮಯದ ಕೊರತೆಗಳು ನಿಜವಾದವು, ಮತ್ತು ಅವನ್ನು ಕೇವಲ ಮನೋಬಲದಿಂದ ದಾಟಬಹುದೆಂಬ ಮಾತನ್ನು ನಾನು ಒಪ್ಪುವುದಿಲ್ಲ.