ಗಂಟೆಗೆ 20 ಮಿ.ಲೀ. ಆಹಾರವೆಂದರೆ ಉಪವಾಸವೇ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಈ ಮಳೆಗಾಲದಲ್ಲಿ ನ್ಯುಮೋನಿಯಾ ಉಲ್ಬಣಿಸಿ ಉಸಿರಾಡುವುದೇ ಕಷ್ಟವಾದಾಗ ಅವರನ್ನು ಮೊದಲು ಮಡಿಕೇರಿಗೆ, ಅಲ್ಲಿಂದ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು. ಮೊದಲ ನಾಲ್ಕೈದು ದಿನ ಮೂಗಿನ ನಳಿಕೆಯಲ್ಲಿ ಗಂಟೆಗೆ 20 ಮಿ.ಲೀ. ದ್ರವಾಹಾರವನ್ನಷ್ಟೇ ಕೊಟ್ಟರು. ಮನೆಯಿಂದ ಒಯ್ದ ಗಂಜಿ ತಿಳಿಯನ್ನೂ ಜೇನನ್ನೂ ಬೇಡವೆಂದರು. ದಿನವಿಡೀ ಕಾಫಿ ತೋಟದಲ್ಲಿ ಓಡಾಡುತ್ತಿದ್ದವರು ಈಗ ಹಿಡಿದುಕೊಳ್ಳದೆ ಮಂಚದಿಂದ ಏಳಲಾರರು. ಅವರನ್ನು ಉಪವಾಸ ಕೆಡವಿದೆವೆಂಬ ಕೊರಗು ಅಮ್ಮನನ್ನು ಬಿಟ್ಟಿಲ್ಲ. ಈಗ ಅವರಿಗೆ ಏನು ಕೊಡಬೇಕು?
— ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ಹೇಳಬೇಕಾದ ಮಾತು: ನೀವು ಬರೆದಿರುವುದನ್ನು ನೋಡಿದರೆ ಅದು ಉಪವಾಸವಲ್ಲ. ಗಂಟೆಗೆ 20 ಮಿ.ಲೀ.ಯಂತೆ ದಿನಕ್ಕೆ 480 ಮಿ.ಲೀ. ಆಗುತ್ತದೆ. ನಳಿಕೆಯ ಆಹಾರದಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಕ್ಯಾಲೊರಿ ಇರುವುದರಿಂದ ಅದು ಸುಮಾರು 480 ಕ್ಯಾಲೊರಿ. ಆರೋಗ್ಯವಂತರ ಲೆಕ್ಕದಲ್ಲಿ ಇದು ಬಹಳ ಕಡಿಮೆಯೆಂಬುದು ನಿಜ. ಆದರೆ ಶ್ವಾಸಕೋಶಗಳು ಹಠಾತ್ತನೆ ಸೋತ ಮೊದಲ ದಿನಗಳಲ್ಲಿ ದೇಹವು ತನ್ನದೇ ಸ್ನಾಯು ಮತ್ತು ಕೊಬ್ಬನ್ನು ಕರಗಿಸಿ ಶಕ್ತಿಯನ್ನು ಉತ್ಪಾದಿಸುತ್ತಿರುತ್ತದೆ, ಮತ್ತು ಹೊರಗಿನಿಂದ ಎಷ್ಟು ಕೊಟ್ಟರೂ ಆ ಕರಗುವಿಕೆ ಪೂರ್ತಿ ನಿಲ್ಲುವುದಿಲ್ಲ. ಅದರ ಮೇಲೆ ಇನ್ನಷ್ಟು ಸುರಿದರೆ ರಕ್ತದ ಸಕ್ಕರೆ ಏರುತ್ತದೆ. ಅಗತ್ಯಕ್ಕಿಂತ ಹೆಚ್ಚಾದ ಪಿಷ್ಟದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹುಟ್ಟಿ, ಅದನ್ನು ಹೊರಹಾಕುವ ಹೊರೆಯೂ ಬಳಲಿದ ಶ್ವಾಸಕೋಶದ ಮೇಲೆಯೇ ಬೀಳುತ್ತದೆ.

ಈ ಪ್ರಶ್ನೆಯನ್ನೇ ಅಮೆರಿಕದ 44 ಆಸ್ಪತ್ರೆಗಳಲ್ಲಿ, ಶ್ವಾಸಕೋಶಕ್ಕೆ ತೀವ್ರ ಹಾನಿಯಾಗಿ ವೆಂಟಿಲೇಟರ್‌ನಲ್ಲಿದ್ದ ಸಾವಿರ ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ಆರು ದಿನ ಒಂದು ಗುಂಪಿಗೆ ದಿನಕ್ಕೆ ಸುಮಾರು 400 ಕ್ಯಾಲೊರಿ, ಇನ್ನೊಂದಕ್ಕೆ ಸುಮಾರು 1300 ಕ್ಯಾಲೊರಿ ಸಿಕ್ಕಿತ್ತು. ಬದುಕುಳಿದವರ ಪ್ರಮಾಣದಲ್ಲಾಗಲಿ, ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ವಾಂತಿ ಮತ್ತು ಹೊಟ್ಟೆಯಲ್ಲಿ ಆಹಾರ ನಿಲ್ಲುವ ತೊಂದರೆ ಕಡಿಮೆ ಪಡೆದವರಲ್ಲೇ ಕಡಿಮೆಯಿತ್ತು. ಹಾಗಾದರೆ ಆ ಸ್ವಲ್ಪವನ್ನಾದರೂ ಕೊಡುವುದೇಕೆ? ಕರುಳಿನ ಒಳಪದರ ಸುಸ್ಥಿತಿಯಲ್ಲಿರಲು ಅದರ ಮೂಲಕ ಏನಾದರೂ ಹರಿಯುತ್ತಿರಬೇಕು. ಆದ್ದರಿಂದಲೇ ರಕ್ತದೊತ್ತಡ ತಹಬಂದಿಗೆ ಬಂದಿದ್ದರೆ 24ರಿಂದ 48 ಗಂಟೆಗಳೊಳಗೆ ನಳಿಕೆಯ ಆಹಾರವನ್ನು ಆರಂಭಿಸುತ್ತಾರೆ. ಬಹುದಿನಗಳಿಂದ ಸರಿಯಾಗಿ ಉಣ್ಣದವರಲ್ಲಿ ಇನ್ನೂ ನಿಧಾನವಾಗಿ ಏರಿಸಬೇಕು; ಒಮ್ಮೆಲೇ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು, ಉಸಿರೆಳೆಯುವ ವಪೆಯ ಸ್ನಾಯುವೇ ದುರ್ಬಲವಾಗುತ್ತದೆ.

ಇದು ಮೊದಲ ವಾರದ ಮಾತು. ವಾರ ಕಳೆದ ಮೇಲೂ ಅಷ್ಟರಲ್ಲೇ ನಿಲ್ಲಿಸಿದರೆ ಅದು ತಪ್ಪು. ನಿಮ್ಮ ತಂದೆಯವರಿಗೆ ಐದನೆಯ ದಿನದಿಂದ ಹೆಚ್ಚಿಸಿದ್ದರೆಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ.

ಗಂಜಿ ತಿಳಿಯನ್ನು ನಿರಾಕರಿಸಿದ್ದಕ್ಕೆ ಕಾರಣಗಳಿವೆ. ತಿಳಿಯೆಂದರೆ ಬಹುಪಾಲು ನೀರು, ಸ್ವಲ್ಪ ಪಿಷ್ಟ. ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿ ಗಂಜಿಯಾದರೆ ಸಪೂರ ನಳಿಕೆ ಕಟ್ಟಿಕೊಳ್ಳುತ್ತದೆ. ವಿರಾಜಪೇಟೆಯಿಂದ ಮೈಸೂರಿಗೆ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಸಾಗುವ ಗಂಜಿಯಲ್ಲಿ ರೋಗಾಣುಗಳು ಬೆಳೆಯುವ ಭಯವೂ ಇದೆ. ಆದರೆ ಈ ಕಾರಣಗಳನ್ನು ನಿಮಗೆ ಯಾರೂ ಕುಳಿತು ವಿವರಿಸಲಿಲ್ಲವೆಂಬುದು ನನಗೆ ನೋವಿನ ಸಂಗತಿ. ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ ಮನೆಯವರಿಗೆ ಐದು ನಿಮಿಷ ಕೊಡುವುದೂ ಚಿಕಿತ್ಸೆಯ ಭಾಗವೇ.

ಕೈಕಾಲು ಸೊರಗಿದ್ದಕ್ಕೆ ಆಹಾರವೊಂದೇ ಕಾರಣವಲ್ಲ. ಉರಿಯೂತ ಮತ್ತು ಅಲುಗಾಡದೆ ಮಲಗಿದ್ದುದು ಮುಖ್ಯ ಕಾರಣಗಳು. ತೀವ್ರ ನಿಗಾ ಘಟಕದ ರೋಗಿಗಳ ತೊಡೆಯ ಸ್ನಾಯುವನ್ನು ಅಳೆದ 2013ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಹತ್ತು ದಿನಗಳಲ್ಲಿ ಅದರ ಗಾತ್ರ ಸರಾಸರಿ ಶೇ. 17ಕ್ಕೂ ಹೆಚ್ಚು ಇಳಿದಿತ್ತು. ಅದನ್ನು ಮರಳಿ ಕಟ್ಟುವ ಕಾಲ ಈಗ ಬಂದಿದೆ, ಮತ್ತು ಅಮ್ಮನ ಅಡುಗೆಗೆ ನಿಜವಾದ ಕೆಲಸವಿರುವುದು ಇಲ್ಲಿಯೇ.

ಊಟಕ್ಕೆ ಮೊದಲು ನುಂಗುವುದನ್ನು ಗಮನಿಸಿ. ಗಂಟಲಲ್ಲಿ ಬಹುದಿನ ಕೊಳವೆಯಿದ್ದವರಿಗೆ ನುಂಗುವ ಶಕ್ತಿ ಕೆಲಕಾಲ ಕುಂದಿರುತ್ತದೆ. ನೀರು ಕುಡಿದಾಗ ಕೆಮ್ಮು ಬಂದರೆ, ಧ್ವನಿ ಒದ್ದೆಯಾದಂತೆ ಕೇಳಿಸಿದರೆ, ವೈದ್ಯರಿಗೆ ತೋರಿಸುವವರೆಗೆ ತೆಳುವಾದುದನ್ನು ಕೊಡಬೇಡಿ. ತಿಳಿಯೇ ಸುಲಭವೆಂದು ನಾವು ಭಾವಿಸುತ್ತೇವೆ. ಆದರೆ ಅಂಥವರಲ್ಲಿ ಶ್ವಾಸನಾಳಕ್ಕೆ ಬೇಗ ಜಾರುವುದು ತಿಳಿಯೇ, ನುಣ್ಣನೆಯ ಗಟ್ಟಿ ಗಂಜಿಯಲ್ಲ. ನೇರ ಕುಳ್ಳಿರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದನ್ನು ಕೊಡಿ.

ನುಂಗುವುದು ಸರಿಯಿದ್ದು ಮೂತ್ರಪಿಂಡದ ತೊಂದರೆಯಿಲ್ಲದಿದ್ದರೆ, ಪ್ರತಿ ಕಿಲೋ ತೂಕಕ್ಕೆ ಸುಮಾರು 1.3 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 78 ಗ್ರಾಂ ಪ್ರೋಟೀನ್ ಗುರಿಯಾಗಿರಲಿ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಕಡಂಬುಟ್ಟು, ನೂಪುಟ್ಟುಗಳು ಅಕ್ಕಿಯವೇ ಆದ್ದರಿಂದ ಅವುಗಳ ಜೊತೆ ಮೊಟ್ಟೆ, ಮೀನು, ಮೆತ್ತಗೆ ಬೆಂದ ಕೋಳಿ, ತೊವ್ವೆ, ಮೊಸರು ಇರಲೇಬೇಕು. ಕೋಳಿ ಸಾರಿನ ತಿಳಿಯನ್ನು ಕುಡಿಸಿ ತುಂಡುಗಳನ್ನು ಬಿಟ್ಟರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿದಂತೆ. ಒಮ್ಮೆಗೆ ಹೆಚ್ಚು ಸೇರದು. ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪ ಕೊಡಿ. ಮಂಚದಿಂದ ಎಬ್ಬಿಸಿ ಜಗಲಿಯವರೆಗಾದರೂ ನಡೆಸಿ, ಏಕೆಂದರೆ ದುಡಿಯದ ಸ್ನಾಯು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಜೇನು ರುಚಿಗಷ್ಟೇ ಸಾಕು.

ಪ್ರಶ್ನೆ: ನಳಿಕೆಯ ಬದಲು ಗ್ಲೂಕೋಸ್ ಏರಿಸಿದ್ದರೆ ರೋಗಿಗೆ ಬೇಗ ಶಕ್ತಿ ಬರುವುದಿಲ್ಲವೇ?
— ಓದುಗರು, ಕುಶಾಲನಗರ

ಉತ್ತರ: ಇಲ್ಲ. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯೂ ಆಗದು, ಪ್ರೋಟೀನ್ ಸೊನ್ನೆ. ರಕ್ತನಾಳದ ಮೂಲಕ ಪೂರ್ಣ ಪೋಷಣೆ ಕೊಡುವ ದ್ರಾವಣಗಳು ಬೇರೆಯೇ ಇವೆ, ಆದರೆ ಅವುಗಳಿಗೂ ಆತುರ ಸಲ್ಲದು: ಬೆಲ್ಜಿಯಂನಲ್ಲಿ 4640 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವಾರ ಅವನ್ನು ಕೊಡದೆ ಕಾದವರಿಗೇ ಸೋಂಕು ಕಡಿಮೆಯಾಗಿ, ಅವರೇ ಬೇಗ ಚೇತರಿಸಿಕೊಂಡರು. ಕರುಳು ಕೆಲಸ ಮಾಡುತ್ತಿರುವವರೆಗೆ ನಳಿಕೆಯ ದಾರಿಯೇ ಮೊದಲ ಆಯ್ಕೆ.