ವೆಸ್ಟ್ ಇಂಡೀಸ್ ಇನ್ನೂ ನಮಗಿಂತ ಮುಂದಿರುವುದು ಹೇಗೆ?

ಭಾರತ ತಂಡದ ಮುಖಾಮುಖಿ ದಾಖಲೆಗಳ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇನೆ. ಇಲ್ಲಿರುವ ಲೆಕ್ಕವೆಲ್ಲ ಪುರುಷರ ತಂಡದ್ದು, 2025ರ ಕೊನೆಯವರೆಗಿನದು.

ಪ್ರಶ್ನೆ: 2025ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಮತ್ತು ದೆಹಲಿಯಲ್ಲಿ ಭಾರತ ವೆಸ್ಟ್ ಇಂಡೀಸನ್ನು ಸೋಲಿಸಿತು. ಅವರು ನಮ್ಮ ಮೇಲೆ ಟೆಸ್ಟ್ ಗೆದ್ದಿದ್ದನ್ನು ನಾನಂತೂ ನೋಡಿಯೇ ಇಲ್ಲ. ಆದರೂ ಒಟ್ಟು ಪಟ್ಟಿಯಲ್ಲಿ ಅವರೇ ಮುಂದಿದ್ದಾರೆ. ಪಟ್ಟಿ ತಪ್ಪಾ? (ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಪಟ್ಟಿ ಸರಿಯಾಗಿಯೇ ಇದೆ. ಇಬ್ಬರೂ ಆಡಿರುವುದು 102 ಟೆಸ್ಟ್. ವಿಂಡೀಸ್ ಗೆದ್ದಿದ್ದು 30, ಭಾರತ ಗೆದ್ದಿದ್ದು 25, ಉಳಿದ 47 ಡ್ರಾ. ನೀವು ಹೇಳಿದ್ದೂ ಸರಿ. ಅವರು ನಮ್ಮನ್ನು ಕೊನೆಯ ಬಾರಿ ಸೋಲಿಸಿದ್ದು 2002ರ ಮೇ ತಿಂಗಳಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, 155 ರನ್‌ಗಳಿಂದ. ಆಮೇಲೆ 27 ಟೆಸ್ಟ್ ನಡೆದಿವೆ. ಭಾರತ 17 ಗೆದ್ದಿದೆ, 10 ಡ್ರಾ ಆಗಿವೆ, ಸೋಲು ಒಂದೂ ಇಲ್ಲ.

ಈಗ ಇದನ್ನು ಒಟ್ಟು ಲೆಕ್ಕದಿಂದ ಕಳೆದು ನೋಡಿ. ಅದಕ್ಕೂ ಮೊದಲಿನ 75 ಟೆಸ್ಟ್‌ಗಳಲ್ಲಿ ಭಾರತದ ಗೆಲುವು ಬರೀ 8. ಸೋಲು ಪೂರಾ 30. ಹಾಗಾಗಿ ಆ ಒಂದು ಸಾಲಿನಲ್ಲಿ ಎರಡು ಬೇರೆ ಬೇರೆ ಕಾಲಗಳು ಸೇರಿಕೊಂಡಿವೆ. ಒಟ್ಟು ಲೆಕ್ಕ ನೋಡಿದರೆ ಎರಡೂ ಕಾಣುವುದಿಲ್ಲ.

ಮೊದಲ ಕಾಲ ನಿಜವಾಗಿಯೂ ಕಷ್ಟದ್ದು. 1948-49ರಲ್ಲಿ ವಿಂಡೀಸ್ ಮೊದಲ ಸಲ ಇಲ್ಲಿಗೆ ಬಂತು. ಅಲ್ಲಿಂದ 1971ರ ಪ್ರವಾಸದವರೆಗೆ 23 ಟೆಸ್ಟ್ ನಡೆದವು. ಭಾರತ 12 ಸೋತಿತು, 11 ಡ್ರಾ ಮಾಡಿಕೊಂಡಿತು, ಒಂದೂ ಗೆಲ್ಲಲಿಲ್ಲ. 1962ರ ಪ್ರವಾಸದಲ್ಲಿ ಐದಕ್ಕೆ ಐದೂ ಸೋಲು. ಆ ಪ್ರವಾಸದಲ್ಲೇ ಬಾರ್ಬಡೋಸ್ ತಂಡದ ವಿರುದ್ಧದ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಬಡಿಯಿತು. ಹೆಲ್ಮೆಟ್ ಇಲ್ಲದ ಕಾಲ. ಜೀವ ಉಳಿಸಲು ಆಪರೇಷನ್ ಮಾಡಬೇಕಾಯಿತು. ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ಫ್ರಾಂಕ್ ವೊರೆಲ್ ಕೂಡ ಒಬ್ಬರು. ಮುಂದಿನ ಟೆಸ್ಟ್‌ಗೆ ನಾಯಕನಾಗಿ ಇಳಿದ ಮನ್ಸೂರ್ ಅಲಿ ಖಾನ್ ಪಟೌಡಿಗೆ ಆಗ 21 ವರ್ಷ.

1971ರಲ್ಲಿ ಗಾಳಿ ತಿರುಗಿತು. ಕಿಂಗ್‌ಸ್ಟನ್ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. ದಿಲೀಪ್ ಸರ್‌ದೇಸಾಯಿ 212 ಹೊಡೆದರು. ಭಾರತಕ್ಕೆ 170 ರನ್ ಮುನ್ನಡೆ ಸಿಕ್ಕಿತು. ಆಟ ನಾಲ್ಕು ದಿನಕ್ಕೆ ಇಳಿದಿದ್ದರಿಂದ ಫಾಲೋಆನ್ ಹೇರಲು 150 ರನ್ ಮುನ್ನಡೆ ಸಾಕಿತ್ತು. ನಾಯಕ ಅಜಿತ್ ವಾಡೇಕರ್ ಆ ನಿಯಮ ನೆನಪಿಟ್ಟುಕೊಂಡು ಗ್ಯಾರಿ ಸೋಬರ್ಸ್ ತಂಡವನ್ನು ಮತ್ತೆ ಬ್ಯಾಟಿಂಗ್‌ಗೆ ಇಳಿಸಿದರು. ಪಂದ್ಯ ಡ್ರಾ ಆಯಿತು. ಆದರೆ ಇವರನ್ನು ಹೀಗೂ ಒತ್ತಡಕ್ಕೆ ಸಿಕ್ಕಿಸಬಹುದು ಅಂತ ಗೊತ್ತಾಯಿತು. ಮುಂದಿನ ಟೆಸ್ಟ್ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಸುನಿಲ್ ಗವಾಸ್ಕರ್ ಅವರ ಮೊದಲ ಟೆಸ್ಟ್ ಅದು. ಭಾರತ 7 ವಿಕೆಟ್‌ಗಳಿಂದ ಗೆದ್ದಿತು. ವಿಂಡೀಸ್ ವಿರುದ್ಧ 25ನೇ ಟೆಸ್ಟ್‌ನಲ್ಲಿ ಮೊದಲ ಗೆಲುವು! ಸರಣಿಯೂ 1-0 ಅಂತರದಲ್ಲಿ ನಮ್ಮದಾಯಿತು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಜಾಗ ಇದೆ. ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಟೆಸ್ಟ್ 1974ರ ನವೆಂಬರ್‌ನಲ್ಲಿ ನಡೆದಿದ್ದು ವಿಂಡೀಸ್ ವಿರುದ್ಧವೇ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟಿದ್ದು ಅಲ್ಲೇ. ಗ್ರೀನಿಜ್ 93 ಮತ್ತು 107 ಹೊಡೆದರು, ನಾವು 267 ರನ್‌ಗಳಿಂದ ಸೋತೆವು. ಮೊದಲ ಎರಡು ಟೆಸ್ಟ್ ಸೋತ ಮೇಲೆ ಕೋಲ್ಕತ್ತ ಮತ್ತು ಚೆನ್ನೈನಲ್ಲಿ ಗೆದ್ದು ಭಾರತ 2-2 ಮಾಡಿತು. ಚೆನ್ನೈನಲ್ಲಿ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತರು. ತಂಡ 190ಕ್ಕೆ ಆಲೌಟ್. ಅದರಲ್ಲಿ ಗುಂಡಪ್ಪ ವಿಶ್ವನಾಥ್ ಅವರದ್ದೇ ಔಟಾಗದೆ 97. ಆ 97 ಎಷ್ಟೋ ದ್ವಿಶತಕಗಳಿಗಿಂತ ದೊಡ್ಡದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೊನೆಯ ಟೆಸ್ಟ್ ಮುಂಬೈನಲ್ಲಿ ಸೋತು ಸರಣಿ 3-2ಕ್ಕೆ ಕೈ ತಪ್ಪಿತು.

1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 4 ವಿಕೆಟ್‌ಗೆ 406 ಹೊಡೆದು ಗೆದ್ದಿತು. ಗವಾಸ್ಕರ್, ವಿಶ್ವನಾಥ್ ಇಬ್ಬರಿಂದಲೂ ಶತಕ. ಗೆಲುವಿನ ಹೊತ್ತಿಗೆ ಕ್ರೀಸ್‌ನಲ್ಲಿದ್ದವರಲ್ಲಿ ಒಬ್ಬರು ನಮ್ಮ ಬ್ರಿಜೇಶ್ ಪಟೇಲ್. ಆ ಸೋಲಿನ ಸಿಟ್ಟು ಮುಂದಿನ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಹೊರಬಂತು. ಕ್ಲೈವ್ ಲಾಯ್ಡ್ ಸ್ಪಿನ್ನರ್‌ಗಳನ್ನು ಬದಿಗಿಟ್ಟು ವೇಗದ ಬೌಲರ್‌ಗಳನ್ನು ನೆಚ್ಚಿಕೊಂಡರು. ಅನ್ಷುಮನ್ ಗಾಯಕವಾಡ್ ಕಿವಿಗೆ, ಬ್ರಿಜೇಶ್ ಬಾಯಿಗೆ ಪೆಟ್ಟು. ವಿಶ್ವನಾಥ್ ಬೆರಳು ಮುರಿಯಿತು. ಎರಡನೇ ಇನಿಂಗ್ಸ್‌ನಲ್ಲಿ ಭಾರತ 5 ವಿಕೆಟ್‌ಗೆ 97 ಇದ್ದಾಗ ಆಡಲು ಉಳಿದವರು ಯಾರೂ ಇರಲಿಲ್ಲ. ಆಟ ಅಲ್ಲಿಗೇ ಮುಗಿಯಿತು. ಮುಂದಿನ ಹದಿನೈದು ವರ್ಷ ಜಗತ್ತನ್ನು ಆಳಿದ ವೇಗದ ಪಡೆಗೆ ದಾರಿ ತೆರೆದಿದ್ದು ಈ ಎರಡು ಟೆಸ್ಟ್‌ಗಳು. 1983ರಲ್ಲಿ ನಾವು ವಿಶ್ವಕಪ್ ಗೆದ್ದ ಕೆಲವೇ ತಿಂಗಳಲ್ಲಿ ಅವರು ಇಲ್ಲಿಗೆ ಬಂದು ಟೆಸ್ಟ್ ಸರಣಿ 3-0, ಏಕದಿನ ಸರಣಿ 5-0 ಗೆದ್ದರು. ಮಾಲ್ಕಮ್ ಮಾರ್ಷಲ್ ಒಬ್ಬರೇ 33 ವಿಕೆಟ್ ತೆಗೆದರು. ಆ 30 ಗೆಲುವುಗಳ ಹಿಂದೆ ಇಂಥ ಆಟಗಾರರಿದ್ದಾರೆ.

ತಿರುವಿನ ಹೊತ್ತಲ್ಲೂ ಕರ್ನಾಟಕದವರಿದ್ದರು. 2002ರಲ್ಲಿ ಆಂಟಿಗುವಾದಲ್ಲಿ ಅನಿಲ್ ಕುಂಬ್ಳೆ ದವಡೆ ಮುರಿದಿದ್ದರೂ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದರು, ಬ್ರಯಾನ್ ಲಾರಾ ವಿಕೆಟ್ ತೆಗೆದರು. ಆ ಸರಣಿ ಸೋತೆವು. 2006ರಲ್ಲಿ ಅದೇ ಕಿಂಗ್‌ಸ್ಟನ್‌ನ ಕಷ್ಟದ ಪಿಚ್‌ನಲ್ಲಿ ನಾಯಕ ರಾಹುಲ್ ದ್ರಾವಿಡ್ 81 ಮತ್ತು 68 ಹೊಡೆದರು. ಕೊನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ 6 ವಿಕೆಟ್ ಪಡೆದರು. 35 ವರ್ಷಗಳ ನಂತರ ಅಲ್ಲಿ ಸರಣಿ ಗೆದ್ದೆವು.

ಆಮೇಲಿನದ್ದು ವಿಂಡೀಸ್ ಕುಸಿತದ ಕಥೆ. ಹಲವು ಪುಟ್ಟ ದೇಶಗಳು ಸೇರಿ ಕಟ್ಟಿದ ತಂಡ ಅದು. ಕೈಯಲ್ಲಿ ಹಣ ಕಡಿಮೆ. ಮಂಡಳಿಗೂ ಆಟಗಾರರಿಗೂ ಸಂಬಳದ ಜಗಳ. 2014ರ ಅಕ್ಟೋಬರ್‌ನಲ್ಲಿ ಆ ಜಗಳ ಧರ್ಮಶಾಲಾದವರೆಗೂ ಬಂದು, ಟೆಸ್ಟ್ ಸರಣಿ ಶುರುವಾಗುವ ಮೊದಲೇ ತಂಡ ಊರಿಗೆ ಹೊರಟುಹೋಯಿತು. ಒಳ್ಳೆಯ ಆಟಗಾರರು ಟಿ20 ಲೀಗ್‌ಗಳ ಕಡೆ ವಾಲಿದರು. ಹೀಗಾಗಿ ಈಚಿನ 17 ಗೆಲುವಿಗಿಂತ ಹಳೆಯ 8 ಗೆಲುವೇ ನನಗೆ ಹೆಚ್ಚು ತೂಕದ್ದು ಅನಿಸುತ್ತದೆ. ಸಮಬಲಕ್ಕೆ ಬರಲು ಭಾರತಕ್ಕೆ ಇನ್ನೂ 5 ಗೆಲುವು ಬೇಕು. ಈಗ ಈ ಎರಡು ತಂಡಗಳ ನಡುವೆ ಸರಣಿಗೆ ಎರಡೇ ಟೆಸ್ಟ್ ಇರುವುದರಿಂದ, ಎಲ್ಲ ಗೆದ್ದರೂ ಮೂರು ಸರಣಿ ಕಾಯಬೇಕು.

ಪ್ರಶ್ನೆ: ಪಾಕಿಸ್ತಾನದ ಮೇಲೆ ಭಾರತವೇ ಯಾವಾಗಲೂ ಗೆಲ್ಲುತ್ತದೆ ಅಂತ ನನ್ನ ಮಗ ವಾದ ಮಾಡುತ್ತಾನೆ. ನನಗೆ ಶಾರ್ಜಾ ನೆನಪಿದೆ. ಯಾರು ಸರಿ? (ನಿವೃತ್ತ ಶಿಕ್ಷಕರು, ಹಾಸನ)

ವಿಶ್ವಕಪ್ ಲೆಕ್ಕಕ್ಕೆ ನಿಮ್ಮ ಮಗ ಸರಿ. ಏಕದಿನ ವಿಶ್ವಕಪ್‌ನಲ್ಲಿ ಎಂಟು ಸಲ ಎದುರಾಗಿ ಎಂಟೂ ಸಲ ಭಾರತವೇ ಗೆದ್ದಿದೆ. 1996ರ ಬೆಂಗಳೂರು ಕ್ವಾರ್ಟರ್ ಫೈನಲ್‌ನಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮಿರ್ ಸೊಹೈಲ್ ಸ್ಟಂಪ್ ಹಾರಿಸಿದ್ದನ್ನು ಯಾರು ಮರೆಯುತ್ತಾರೆ?

ಒಟ್ಟು ಲೆಕ್ಕಕ್ಕೆ ನೀವು ಸರಿ. 136 ಏಕದಿನ ಪಂದ್ಯಗಳಲ್ಲಿ ಪಾಕಿಸ್ತಾನ 73, ಭಾರತ 58 ಗೆದ್ದಿವೆ. ಐದಕ್ಕೆ ಫಲಿತಾಂಶ ಬಂದಿಲ್ಲ. ಆ ಮುನ್ನಡೆಯ ದೊಡ್ಡ ಪಾಲು 80 ಮತ್ತು 90ರ ದಶಕದ್ದು. 1986ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಚೇತನ್ ಶರ್ಮಾ ಎಸೆದ ಕೊನೆಯ ಚೆಂಡನ್ನು ಜಾವೆದ್ ಮಿಯಾಂದಾದ್ ಸಿಕ್ಸರ್‌ಗೆ ಎತ್ತಿದ ಮೇಲೆ ಆ ಮೈದಾನದಲ್ಲಿ ನಮ್ಮವರು ಬಹಳ ಕಾಲ ಹೆದರಿಕೊಂಡೇ ಆಡಿದರು ಅನ್ನುವುದು ನನ್ನ ಅಭಿಪ್ರಾಯ. ಈಗ ಇಬ್ಬರೂ ದೊಡ್ಡ ಟೂರ್ನಿಗಳಲ್ಲಿ ಮಾತ್ರ ಎದುರಾಗುತ್ತಾರೆ. ಇಬ್ಬರ ನಡುವಿನ ಕೊನೆಯ ಏಕದಿನ ಸರಣಿ ನಡೆದಿದ್ದು 2012ರ ಡಿಸೆಂಬರ್ ಕೊನೆಗೆ ಮತ್ತು 2013ರ ಜನವರಿಯಲ್ಲಿ. ಅದನ್ನು 2-1ರಿಂದ ಗೆದ್ದಿದ್ದು ಪಾಕಿಸ್ತಾನ.

ಟೆಸ್ಟ್ ಲೆಕ್ಕ ಇನ್ನೂ ವಿಚಿತ್ರ. 59 ಟೆಸ್ಟ್‌ನಲ್ಲಿ 38 ಡ್ರಾ! ಪಾಕಿಸ್ತಾನಕ್ಕೆ 12, ನಮಗೆ 9. 1954-55ರ ಐದೂ ಟೆಸ್ಟ್ ಡ್ರಾ, 1960-61ರ ಐದೂ ಡ್ರಾ. ಆಮೇಲೆ 1978ರವರೆಗೆ ಟೆಸ್ಟೇ ಇಲ್ಲ. ಗೆಲ್ಲುವ ಆಸೆಗಿಂತ ಸೋತರೆ ಊರಿಗೆ ಹೋಗಿ ಏನು ಹೇಳುವುದು ಅನ್ನುವ ಭಯ ಎರಡೂ ಕಡೆ ಜಾಸ್ತಿ ಇತ್ತು. ಧೈರ್ಯ ಮಾಡಿ ಆಡಿದಾಗ ಎಂಥ ಟೆಸ್ಟ್ ಆಗುತ್ತಿತ್ತು ಅನ್ನುವುದಕ್ಕೆ 1987ರ ಬೆಂಗಳೂರು ಸಾಕ್ಷಿ. ಚೆಂಡು ಸಿಕ್ಕಾಪಟ್ಟೆ ತಿರುಗುತ್ತಿದ್ದ ಪಿಚ್‌ನಲ್ಲಿ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ಹೊಡೆದರು. ಪಾಕಿಸ್ತಾನ 16 ರನ್‌ಗಳಿಂದ ಗೆದ್ದಿತು. ಈ ಎರಡು ತಂಡಗಳ ನಡುವಿನ ಕೊನೆಯ ಟೆಸ್ಟ್ ಕೂಡ ಅದೇ ಚಿನ್ನಸ್ವಾಮಿಯಲ್ಲಿ, 2007ರ ಡಿಸೆಂಬರ್‌ನಲ್ಲಿ. ಅದೂ ಡ್ರಾ ಆಯಿತು, ಕುಂಬ್ಳೆ ನಾಯಕತ್ವದಲ್ಲಿ ಸರಣಿ ನಮಗೆ ಬಂತು. ಅಂದಿನಿಂದ ಆ ಲೆಕ್ಕ ಹಾಗೇ ನಿಂತಿದೆ. ಇಷ್ಟು ವರ್ಷ ಟೆಸ್ಟ್ ಇಲ್ಲದ್ದು ಆಟಕ್ಕೆ ಆದ ನಷ್ಟ ಅಂತ ಹೇಳಲು ನನಗೆ ಸಂಕೋಚವಿಲ್ಲ.

ಪ್ರಶ್ನೆ: ನ್ಯೂಜಿಲೆಂಡ್ ವಿರುದ್ಧ ಭಾರತದ ದಾಖಲೆ ಚೆನ್ನಾಗಿದೆ ಅಂತ ಓದಿದ್ದೆ. ಹಾಗಾದರೆ 2024ರ 0-3 ಸೋಲು ಆಕಸ್ಮಿಕವೇ? (ಬ್ಯಾಂಕ್ ಉದ್ಯೋಗಿ, ಮೈಸೂರು)

ನಾನು ಆಕಸ್ಮಿಕ ಅನ್ನುವುದಿಲ್ಲ. ಆ ಸರಣಿಗೆ ಮುಂಚೆ ನ್ಯೂಜಿಲೆಂಡ್ ಭಾರತದ ನೆಲದಲ್ಲಿ ಗೆದ್ದಿದ್ದು ಎರಡೇ ಟೆಸ್ಟ್. ಒಂದು 1969ರಲ್ಲಿ ನಾಗ್ಪುರದಲ್ಲಿ, ಇನ್ನೊಂದು 1988ರಲ್ಲಿ ಮುಂಬೈನಲ್ಲಿ. ಭಾರತ ತವರಿನಲ್ಲಿ ಸತತ 18 ಸರಣಿ ಗೆದ್ದಿತ್ತು. ಆ ಲೆಕ್ಕ ನೋಡಿಕೊಂಡು ನೆಮ್ಮದಿಯಾಗಿದ್ದೆವು.

ಬೆಂಗಳೂರಿನಲ್ಲಿ ಮೊದಲ ದಿನ ಮಳೆ. ಎರಡನೇ ದಿನ ಮೋಡ ಕವಿದಿದ್ದರೂ ಭಾರತ ಟಾಸ್ ಗೆದ್ದು ಬ್ಯಾಟಿಂಗ್ ತೆಗೆದುಕೊಂಡು 46ಕ್ಕೆ ಆಲೌಟ್ ಆಯಿತು. ತವರಿನಲ್ಲಿ ನಮ್ಮ ಅತಿ ಕಡಿಮೆ ಮೊತ್ತ ಅದು. ಅಲ್ಲಿ 134 ಹೊಡೆದ ರಚಿನ್ ರವೀಂದ್ರ ಅವರ ತಂದೆ ತಾಯಿ ಬೆಂಗಳೂರು ಮೂಲದವರು. ಪುಣೆಯಲ್ಲಿ ಮಿಚೆಲ್ ಸ್ಯಾಂಟ್ನರ್ 13 ವಿಕೆಟ್, ಮುಂಬೈನಲ್ಲಿ ಎಜಾಜ್ ಪಟೇಲ್ 11 ವಿಕೆಟ್ ತೆಗೆದರು. ಮೊದಲ ಸೋಲಿಗೆ ಮೋಡ, ತೇವ ಕಾರಣ ಅನ್ನಬಹುದು. ಉಳಿದೆರಡು ನಮ್ಮದೇ ಅಸ್ತ್ರದಿಂದ ಆದ ಸೋಲು. ಪಿಚ್ ಬೇಗನೆ ತಿರುಗುವಂತೆ ಮಾಡಿದರೆ ಎದುರಾಳಿಯ ಸ್ಪಿನ್ನರ್‌ಗೂ ಅಷ್ಟೇ ಬಲ ಬರುತ್ತದೆ ಅಲ್ವಾ? ನಮ್ಮ ಬ್ಯಾಟರ್‌ಗಳು ಅಂಥ ಪಿಚ್‌ನಲ್ಲಿ ತಾಳ್ಮೆಯಿಂದ ಆಡುವ ರೂಢಿಯನ್ನೇ ಕಳೆದುಕೊಂಡಿದ್ದಾರೆ.

ಒಂದೇ ವರ್ಷದಲ್ಲಿ ಅದು ಮತ್ತೆ ಕಂಡಿತು. 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಕೋಲ್ಕತ್ತದಲ್ಲಿ 124 ಬೇಕಿದ್ದಾಗ ಭಾರತ 93ಕ್ಕೆ ಕುಸಿಯಿತು. ಗುವಾಹಟಿಯಲ್ಲಿ 408 ರನ್‌ಗಳಿಂದ ಸೋತಿತು. ರನ್ ಅಂತರದಲ್ಲಿ ಅದು ನಮ್ಮ ಅತಿ ದೊಡ್ಡ ಸೋಲು. ನ್ಯೂಜಿಲೆಂಡ್ ವಿರುದ್ಧ ಒಟ್ಟು ಲೆಕ್ಕ ಈಗಲೂ 22-16, ನಾವೇ ಮುಂದೆ. ಆದರೆ ಮುಂದಿನ ಸರಣಿಯಲ್ಲಿ ಏನಾಗಬಹುದು ಅಂತ ಊಹಿಸಲು ಆ 22ಕ್ಕಿಂತ ಈ ಐದು ಸೋಲುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಟೆಸ್ಟ್‌ನಲ್ಲಿ ಭಾರತ ಒಮ್ಮೆಯೂ ಸೋಲದ ಎದುರಾಳಿ ಯಾರಾದರೂ ಇದ್ದಾರಾ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಇದ್ದಾರೆ. ಬಾಂಗ್ಲಾದೇಶದ ವಿರುದ್ಧ 15 ಟೆಸ್ಟ್‌ನಲ್ಲಿ 13 ಗೆಲುವು, 2 ಡ್ರಾ. ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು ನಮ್ಮ ವಿರುದ್ಧ, 2018ರ ಜೂನ್‌ನಲ್ಲಿ, ಬೆಂಗಳೂರಿನಲ್ಲಿ. ಎರಡೇ ದಿನದಲ್ಲಿ ಇನಿಂಗ್ಸ್ ಮತ್ತು 262 ರನ್‌ಗಳಿಂದ ಸೋತಿತು. ಜಿಂಬಾಬ್ವೆಯೂ ಈ ಪಟ್ಟಿಯಲ್ಲಿರಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಆದರೆ ಹರಾರೆಯಲ್ಲಿ ಅವರು ನಮ್ಮನ್ನು ಎರಡು ಸಲ ಸೋಲಿಸಿದ್ದಾರೆ. 1998ರಲ್ಲಿ 61 ರನ್‌ಗಳಿಂದ, 2001ರಲ್ಲಿ 4 ವಿಕೆಟ್‌ಗಳಿಂದ. ಆಂಡಿ ಫ್ಲವರ್, ಹೀತ್ ಸ್ಟ್ರೀಕ್ ಆಡುತ್ತಿದ್ದ ಒಳ್ಳೆಯ ತಂಡ ಅದು. 2005ರ ನಂತರ ಅವರ ಜೊತೆ ನಾವು ಟೆಸ್ಟ್ ಆಡಿಲ್ಲ.